ಸರ್ಕಾರದ ಕಾಗದದಲ್ಲಿ ಇಲ್ಲದ ನರ್ಸಬಾಯಿ

ನಮ್ಮೂರಿನ ನರ್ಸಬಾಯಿಯನ್ನು ಅಳಿಸಿಹಾಕಿದವನು ನಾನು. ಅದಕ್ಕೆ ರಬ್ಬರು ಬೇಕಾಗಲಿಲ್ಲ. ನೀಲಿ ಮಸಿಯಲ್ಲಿ 'ಇಲ್ಲ' ಎಂದು ಬರೆದೆ, ಅಷ್ಟೇ. ಅದೂ ಎಂಥ 'ಇಲ್ಲ'! 'ಲ'ದ ಕೊನೆಗೆ ಹೋರಿಯ ಕೋಡಿನಂತೆ ಒಂದು ಸುತ್ತು ಎಳೆದು, ದೂರ ಹಿಡಿದು ನೋಡಿ, ಸ್ವಂತ ಅಕ್ಷರಕ್ಕೆ ತಲೆದೂಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಊರಿನವರನ್ನೆಲ್ಲ ಬೈಯುವವನಿದ್ದೇನೆ. ಆ ಸಾಲಿನಲ್ಲಿ ಮೊದಲ ಹೆಸರು ನನ್ನದೇ ಇರಲಿ.

ಮೊನ್ನೆ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಮಳೆ ನಿಂತ ಮೇಲೆ ಒಬ್ಬ ಬುಟ್ಟಿ ಹಿಡಿದು ಬ್ಲೀಚಿಂಗ್ ಪೌಡರ್ ಎರಚುತ್ತ ಹೊರಟಿದ್ದ. ಬೆಂಚಿನ ಮೇಲೆ ಇಬ್ಬರು ಪೇಪರು ಹಿಡಿದು ಜಗಳಕ್ಕೆ ಬಿದ್ದಿದ್ದರು. ಯಾವುದೋ ಪಟ್ಟಿಯಲ್ಲಿ ನಮ್ಮ ರಾಜ್ಯ ಕೆಳಗೆ ಬಿದ್ದಿದೆಯಂತೆ. "ಪಟ್ಟಿ ಮಾಡಿದವ್ರು ಇಲ್ಲಿ ಬಂದು ಒಂದಿನ ಇದ್ದು ನೋಡ್ಯಾರೇನ್ರಿ? ನಮ್ಮ ಕಡೆ ಬಾಳೇದ ಸುಖ ಅವರಿಗೇನು ಗೊತ್ತು!" ಎಂದು ಒಬ್ಬರು ಕೂಗಾಡುತ್ತಿದ್ದರು. ಇನ್ನೊಬ್ಬರು "ಸುಖ ಇದ್ರ ನಿನ್ನ ಮಗನ್ನ ಯಾಕ ಹುಬ್ಬಳ್ಳಿಗೆ ಓದಾಕ ಕಳಿಸಿದಿ?" ಎಂದರು. ಮಾತು ಅಲ್ಲಿಂದ ಒಬ್ಬರ ಮನೆತನ ಇನ್ನೊಬ್ಬರು ಎತ್ತುವ ತನಕ ಹೋಯಿತು. ನನ್ನ ಕಿವಿ ಅಲ್ಲಿದ್ದರೂ ಮೂಗು ಪೌಡರಿನ ಹಿಂದೆ ಬಿದ್ದು ಏಳೆಂಟು ವರ್ಷ ಹಿಂದಕ್ಕೆ, ನಮ್ಮೂರಿನ ಬಾವಿಕಟ್ಟೆಗೆ ಹೋಗಿಬಿಟ್ಟಿತ್ತು. ಆ ವಾಸನೆಗೆ ನಮ್ಮೂರಲ್ಲಿ ಇದ್ದ ಹೆಸರು 'ನರ್ಸಬಾಯಿ ವಾಸನಿ'.

ಊರು ಹಾನಗಲ್ಲಿನಿಂದ ತಿಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಬಸ್ಸು ನಿಂತ ಹಾಗೆ ಮಾಡಿ ಹೋಗಿಬಿಡುವ ಊರು. ಆಗಿನ್ನೂ ಎಂಬತ್ತರ ದಶಕದ ಶುರುವಾತು. ನಾನು ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ಕೂತು, ಎರಡು ಸಲವೂ ಅಲ್ಲೇ ಕೂತವನು. ಕೆಲಸ ಎಂದರೆ ಅಣಕ. ಕಂಡಕ್ಟರನ ಸೀಟಿ, ತಲಾಟಿಯ ಕೆಮ್ಮು, ಪಂಚಾಯ್ತಿ ಚೇರಮನ್ ಗೌಡರು ಮಾತಿನ ನಡುವೆ ಹಲ್ಲಿನ ಸಂದಿಯ ಅಡಕೆ ಹುಡುಕುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ನಾನು ಬಂದರೆ ಕಟ್ಟೆಯ ಮೇಲೆ ಜಾಗ ಬಿಡುತ್ತಿದ್ದರು. ಅದನ್ನು ಮರ್ಯಾದೆ ಎಂದು ತಿಳಿದುಕೊಂಡಿದ್ದೆ.

ಎಲ್ಲರಿಗಿಂತ ಹೆಚ್ಚು ನಗೆ ಬರುತ್ತಿದ್ದದ್ದು ನರ್ಸಬಾಯಿ ಸರೋಜಮ್ಮನ ಅಣಕಕ್ಕೆ. ಮಂಡ್ಯದ ಕಡೆಯವಳು. ಮೂವತ್ತರ ಆಚೆ, ಒಬ್ಬಳೇ. ಮೂರು ವರ್ಷದ ಹಿಂದೆ ಒಂದು ಟ್ರಂಕು, ಒಂದು ಔಷಧಿ ಪೆಟ್ಟಿಗೆ ಹಿಡಿದು ಬಂದಿಳಿದಾಗ ಪಂಚಾಯ್ತಿಯವರು ಆಕೆಗೆ ಕೊಟ್ಟದ್ದು ಗೊಬ್ಬರದ ಚೀಲ ಇಡುತ್ತಿದ್ದ ಕೋಣೆ. ಬಚ್ಚಲಿಲ್ಲ. ಕತ್ತಲೆ ಹರಿಯುವ ಮೊದಲು ಎದ್ದು ನೀರು ಹೊತ್ತು, ಬಾಗಿಲು ಹಾಕಿಕೊಂಡು, ಕೋಣೆಯ ಮೂಲೆಯಲ್ಲೇ ಸ್ನಾನ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ, ಕೆಸರಿನಲ್ಲಿ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತ ಲಂಬಾಣಿ ತಾಂಡೆಯ ತನಕ ಹೋಗಿಬರುತ್ತಿದ್ದಳು. ನಾನು ಕಟ್ಟೆಯ ಮೇಲೆ ಆ ಕೊಕ್ಕರೆ ನಡಿಗೆ ನಡೆದು, "ಬಾವಿ ನೀರು ಕಾಯಿಸಿ ಕುಡೀರಿ ಕಣ್ರೀ, ಹುಳ ಇರ್ತವೆ ಕಣ್ರೀ" ಎಂದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಬಾವಿಗೆ ಪೌಡರು ಹಾಕಿದ ದಿನ ಮಾತ್ರ ಯಾರೂ ನಗುತ್ತಿರಲಿಲ್ಲ. ಅಂದು ಬೈಗುಳ. "ನಮ್ಮಜ್ಜ ಕುಡದ ನೀರು ಇದು, ಇಕಿ ಬಂದು ಕೆಡಿಸಿದ್ಲು." ಆ ಅಜ್ಜ ವಾಂತಿ-ಭೇದಿಯಲ್ಲೇ ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಹೇಳುವವರಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಸರ್ಕಾರದ್ದೊಂದು ಸಮೀಕ್ಷೆ ಬಂತು. ಯಾವ ತಾಲೂಕು ಎಷ್ಟು ಮುಂದುವರಿದಿದೆ ಎಂದು ಅಳೆಯುವುದಂತೆ. ಅಕ್ಷರ ದುಂಡಗಿವೆ ಎಂದು ನಮ್ಮೂರಿನ ಫಾರ್ಮು ತುಂಬುವ ಕೆಲಸ ನನಗೆ ಬಂತು. ಊರಿಗೆ ರಸ್ತೆ ಇದೆಯೇ, ದೀಪ ಇದೆಯೇ, ಎಷ್ಟು ಮನೆಯಲ್ಲಿ ರೇಡಿಯೋ, ಎಷ್ಟು ಸೈಕಲ್ಲು, ಆರೋಗ್ಯ ಸಿಬ್ಬಂದಿ ಊರಲ್ಲೇ ವಾಸವಿದ್ದಾರೆಯೇ, ಹೀಗೆ ಒಂದು ಉದ್ದನೆಯ ಹಾಳೆ.

ಚೇರಮನ್ ಪುಟ್ಟನಗೌಡರು ಅದನ್ನು ಓದಿಸಿ ಕೇಳಿ, ಕಣ್ಣು ಸಣ್ಣ ಮಾಡಿದರು. "ಇದು ಕೊಡೂ ಲೆಕ್ಕದ್ದು. ಐತಿ ಅಂದವಗ ಏನೂ ಕೊಡೂದಿಲ್ಲ. ಇಲ್ಲ ಅಂದವಗ ಎಲ್ಲಾ ಕೊಡ್ತಾರ. ಊರಾಗ ಡಂಗುರ ಹೊಡಸು."

ಡಂಗುರ ಬೇಕಾಗಲಿಲ್ಲ. ನಾನೇ ಓಣಿ ಓಣಿ ತಿರುಗಿ, ಗೌಡರ ದನಿಯಲ್ಲಿ ಕೂಗಿ ಬಂದೆ. ಒಂದೇ ಬೆಳಗಿನಲ್ಲಿ ಊರು ಬಡವಾಯಿತು. ಸೈಕಲ್ಲುಗಳು ಬಣವೆಯೊಳಗೆ ಹೋದವು. ಹಿತ್ತಾಳೆ ಕೊಡಗಳು ಹಿತ್ತಲಿನ ತಿಪ್ಪೆ ಸೇರಿದವು. ನಾಲ್ಕು ಮನೆಯ ವಿದ್ಯುತ್ ಬಲ್ಬು ಬಿಚ್ಚಿ ಅಕ್ಕಿ ಡಬ್ಬಿಯಲ್ಲಿಟ್ಟರು. ಅಂಗಿ ಇದ್ದವರು ಅಂಗಿ ಕಳೆದು ಕೂತರು. ಬಡತನವನ್ನು ಇಷ್ಟು ಹುರುಪಿನಿಂದ, ಇಷ್ಟು ಒಗ್ಗಟ್ಟಿನಿಂದ ಮಾಡಿದ ಊರು ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಊರಿನ ಗಟಾರ ಬಳಿಯಲು ಇದರಲ್ಲಿ ಕಾಲುಭಾಗ ಒಗ್ಗಟ್ಟು ತೋರಿಸಿದ್ದರೆ ಆ ಪೌಡರಿನ ಕೆಲಸವೇ ಇರುತ್ತಿರಲಿಲ್ಲ.

ಧಾರವಾಡದಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಗೌಡರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುವಾಗ ಭತ್ತದ ಕಣಜದೊಳಗಿಂದ ಒಬ್ಬ ಗಂಭೀರ ಮನುಷ್ಯ ಹವಾಮಾನ ವರದಿ ಓದತೊಡಗಿದ. ಗೌಡರು ಟ್ರಾನ್ಸಿಸ್ಟರನ್ನು ಭತ್ತದಲ್ಲಿ ಹೂಳಿದ್ದರು, ಅದರ ಗುಂಡಿ ಕಾಳಿಗೆ ಸಿಕ್ಕು ತಿರುಗಿರಬೇಕು. ಸಾಹೇಬರ ಚಹಾದ ಲೋಟ ತುಟಿಯ ಹತ್ತಿರ ನಿಂತಿತು. "ಏನ್ರೀ ಅದು?"

"ನಾನ್ರೀ ಸಾಹೇಬ್ರ!" ಎಂದು ನಾನು ಎದ್ದು ನಿಂತೆ. "ನನಗೊಂದು ಚಟ ಐತ್ರಿ." ಅದೇ ದನಿಯಲ್ಲಿ, "ಕರಾವಳಿಯ ಕೆಲವೆಡೆ ಗುಡುಗು ಸಹಿತ ಮಳೆ" ಎಂದು ಶುರುಮಾಡಿದೆ. ಕಣಜದವನೂ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಗೌಡರ ಹೆಂಡತಿ ಒಳಗಿನಿಂದ ಓಡಿಬಂದು ಕಣಜದ ಮೇಲೆ ಕಂಬಳಿ ಹೊದಿಸಿ ಅದರ ಮೇಲೆ ತಾನೇ ಕೂತಳು. ಸಾಹೇಬರು ನಕ್ಕು ನಕ್ಕು, "ಭಾಳ ಛಲೋ ಮಾಡ್ತೀ ತಮ್ಮಾ" ಎಂದು, ರೇಡಿಯೋ ಇಲ್ಲ ಎಂಬ ಕಾಲಂ ಕೆಳಗೆ ಸಹಿ ಹಾಕಿದರು. ಅದು ನನ್ನ ಕಲೆಗೆ ಸಿಕ್ಕ ಮೊದಲ ಸರ್ಕಾರಿ ಮಾನ್ಯತೆ.

ಅಷ್ಟಕ್ಕೇ ನಿಂತಿದ್ದರೆ ನಗುವ ಕತೆ. ಹಾಳೆಯಲ್ಲಿ ಕೊನೆಗೆ ಉಳಿದದ್ದು ಆರೋಗ್ಯ ಸಿಬ್ಬಂದಿಯ ಪ್ರಶ್ನೆ. ಸರೋಜಮ್ಮ ಅಂದು ಹಾನಗಲ್ಲಿಗೆ ಮೀಟಿಂಗಿಗೆ ಹೋಗಿದ್ದಳು. ಗೌಡರು ನನ್ನ ಕಿವಿಯ ಹತ್ತಿರ ಬಗ್ಗಿ, "ಇಲ್ಲ ಅಂತ ಬರಿ" ಎಂದರು.

"ಅದಾಳಲ್ರಿ?"

"ಅದಾಳ ಅಂದ್ರ ಅಷ್ಟಕ್ಕ ಬಿಡ್ತಾರ. ಇಲ್ಲ ಅಂದ್ರ ದೊಡ್ಡ ದವಾಖಾನಿನ ಕೊಡ್ತಾರ, ಡಾಕ್ಟರ್ ಸಮೇತ. ಬರಿಯೋ."

ಬರೆದೆ. ಕೆಳಗೆ ಗೌಡರು ಸಹಿ ಹಾಕಿದರು. ಸಾಹೇಬರು ಹೋದ ಮೇಲೆ ಕಟ್ಟೆಯಲ್ಲಿ ನಿಂತು, ಕೊಕ್ಕರೆ ನಡಿಗೆ ನಡೆದು, "ನಾನು ಇಲ್ಲಿಲ್ಲ ಕಣ್ರೀ, ಯಾರೂ ನನ್ನ ನೋಡ್ಬೇಡ್ರಿ ಕಣ್ರೀ" ಎಂದೆ. ಆ ನಗೆ ಇನ್ನೂ ಕಿವಿಯಲ್ಲಿದೆ. ಅದರ ಜೊತೆ ಮಲಗುವುದು ಸುಖವಲ್ಲ.

ಮಳೆ ಹಿಡಿದ ಮೇಲೆ ಪಟ್ಟಿ ಪೇಪರಿನಲ್ಲಿ ಬಂತು. ನಮ್ಮ ತಾಲೂಕು ಎಲ್ಲಿದೆ ಎಂದು ಹುಡುಕಲು ಹಾಳೆಯನ್ನು ಕೆಳಗಿನಿಂದ ಓದಬೇಕಾಯಿತು. ಹಿರೇಕೆರೂರಿನವರು ನಮಗಿಂತ ನಾಲ್ಕು ಸಾಲು ಮೇಲಿದ್ದರು. ಅವರಿಗೂ ಅದೇ ಮಳೆ, ಅದೇ ಕೆಸರು, ಅದೇ ಮುರುಕು ಬಸ್ಸು. ಆದರೂ ಆ ನಾಲ್ಕು ಸಾಲು ಸಿಕ್ಕದ್ದೇ ತಡ, ಅವರ ಕಡೆಯ ಚಿಕ್ಕೇರೂರಿನ ದನದ ದಲಾಲಿಗಳು ಸಂತೆಯಲ್ಲಿ ನಮ್ಮ ಎತ್ತುಗಳನ್ನೇ ಹೀಯಾಳಿಸತೊಡಗಿದರು. "ಹಾನಗಲ್ ಎತ್ತೇನ್ರಿ? ಹಿಂದಕ್ಕ ನಡೀತಾವೇನು?" ಸವಣೂರಿನಿಂದ ವೀಳ್ಯದೆಲೆ ಮಾರಲು ಬರುವ ಸಾಬರು ಕೂಡ ಪಿಂಡಿ ಬಿಚ್ಚುತ್ತ, "ನಿಮ್ಮ ಊರಾಗ ಎಲಿ ತಿನ್ನೂದು ಗೊತ್ತೈತಿಲ್ಲೋ, ಕಲಿಸಿಕೊಡ್ಲೇನು?" ಎಂದು ಕೇಳಿದರು. ದುಂಡಸಿಯಿಂದ ನಮ್ಮ ಮಾವ, ಅಂದರೆ ಅಕ್ಕ ನೀಲವ್ವನ ಗಂಡ, ಬಂದು ಹೋದ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಮೂರು ವಾರ ಆಗಿತ್ತು. ಜಗುಲಿಯ ಮೇಲೆ ಕೂತು ಆತ, "ಶಿಗ್ಗಾವಿ ತಾಲೂಕಿನ ಕೂಸು ಹಾನಗಲ್ ತಾಲೂಕಿನ್ಯಾಗ ಹುಟ್ಟಬೇಕಾತಲ್ಲೋ" ಎಂದು ನಿಟ್ಟುಸಿರುಬಿಟ್ಟ. ನಾನು ಆ ನಿಟ್ಟುಸಿರನ್ನು ಅಲ್ಲೇ ಅಣಕಿಸಿ ತೋರಿಸಿದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಈಗ ಊರಿಗೆ ಸಿಟ್ಟು ಬಂತು. ತಾವೇ ಬರೆಸಿದ ಬಡತನವನ್ನು ಸರ್ಕಾರ ನಂಬಿತಲ್ಲ ಎಂದು ಸಿಟ್ಟು. ದವಾಖಾನೆ ಬಂದಿರಲಿಲ್ಲ, ಡಾಕ್ಟರು ಬಂದಿರಲಿಲ್ಲ, ಬಂದದ್ದು ನಗೆಪಾಟಲು ಮಾತ್ರ. ಗೌಡರು ಪೇಪರಿಗೆ ಒಂದು ಖಂಡನೆ ಬರೆಯಲು ಹೇಳಿದರು. ಬರೆಯುವವನು ಮತ್ತೆ ನಾನೇ. ಚಾವಡಿಯಲ್ಲಿ ಅವರು ಅಡಕೆ ಹುಡುಕುತ್ತ ಹೇಳಿದ್ದನ್ನು ಅದೇ ಪೆನ್ನಿನಲ್ಲಿ, ಅದೇ ಕೋಡಿನ ಅಕ್ಷರದಲ್ಲಿ ಬರೆದೆ. ನಮ್ಮೂರಲ್ಲಿ ರೇಡಿಯೋಗಳಿವೆ. ಸೈಕಲ್ಲುಗಳಿವೆ. ನೀರು ಅಮೃತ, ಗಾಳಿ ಔಷಧ. ಮನೆಗೆ ಬೀಗ ಹಾಕುವವರಿಲ್ಲ. ಸರ್ವರೂ ಅಣ್ಣತಮ್ಮಂದಿರಂತೆ ಬಾಳುತ್ತಿದ್ದಾರೆ. ಆ ಅಣ್ಣತಮ್ಮಂದಿರಲ್ಲಿ ಇಬ್ಬರು ಚಾವಡಿಯ ಎರಡು ಕಂಬಕ್ಕೆ ಒರಗಿ ಕೂತಿದ್ದರು. ಒಂದು ಬದುವಿನ ಸಲುವಾಗಿ ಒಬ್ಬರ ಮುಖ ಒಬ್ಬರು ನೋಡದೆ ಆರು ವರ್ಷ ಆಗಿತ್ತು. ಇಬ್ಬರೂ 'ಹೌದು ಹೌದು' ಎಂದು ತಲೆಯಾಡಿಸಿದರು.

ಅದೇ ವಾರ ಸರೋಜಮ್ಮನಿಗೆ ಮೇಲಿನಿಂದ ನೋಟೀಸು ಬಂತು. ಸಮೀಕ್ಷೆಯ ಪ್ರಕಾರ ನೀವು ಊರಲ್ಲಿ ವಾಸವಿಲ್ಲ. ಎಲ್ಲಿದ್ದೀರಿ, ಯಾಕಿದ್ದೀರಿ, ವಿವರಣೆ ಕೊಡಿ. ಊರಲ್ಲಿಯೇ ವಾಸವಿದ್ದುದಕ್ಕೆ ಪಂಚಾಯ್ತಿಯ ಪತ್ರ ಒಂದು ವಾರದೊಳಗೆ ಬರದಿದ್ದರೆ ಊರಿನ ಆರೋಗ್ಯ ಉಪಕೇಂದ್ರವನ್ನು ಬೇರೆ ಕಡೆಗೆ ಒಯ್ಯಲಾಗುವುದು. ಜೊತೆಗೆ ನಮ್ಮ ಫಾರ್ಮಿನ ಒಂದು ನಕಲು ಲಗತ್ತು.

ಆಕೆ ಚಾವಡಿಗೆ ಬಂದು ಪತ್ರ ಕೇಳಿದಾಗ ನಾನು ಅಲ್ಲೇ ಖಂಡನೆಯ ಕೊನೆಯ ಸಾಲಿನಲ್ಲಿದ್ದೆ. ಗೌಡರು ಮೇಲೆ ಕೆಳಗೆ ನೋಡಿದರು. "ಹೆಂಗ ಕೊಡ್ಲಿಕ್ಕೆ ಬರ್ತೈತ್ರಿ ಬಾಯಾರ? ಇಲ್ಲ ಅಂತ ಒಮ್ಮೆ ಸಹಿ ಮಾಡೇನಿ. ಈಗ ಅದಾಳ ಅಂತ ಮಾಡಿದ್ರ ನನ್ನ ಸಹಿ ಸುಳ್ಳಾಗೂದಿಲ್ಲೇನು?"

"ಪೇಪರಿಗೆ ರೇಡಿಯೋ ಇದೆ, ಸೈಕಲ್ ಇದೆ ಅಂತ ಬರೆಸ್ತಾ ಇದೀರಲ್ಲ ಗೌಡ್ರೇ?"

"ಪೇಪರಿಗೆ ಹೇಳೂದು ಬ್ಯಾರೆ, ಸಹಿ ಮಾಡೂದು ಬ್ಯಾರೆ." ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಮುಂದಕ್ಕೆ ಬಾಗಿದರು. "ಒಂದು ಕೆಲಸ ಮಾಡ್ರಿ. ನಾಡಿದ್ದು ಸೋಮವಾರ ಇಲ್ಲೇ ಪೇಪರಿನವ್ರು ಬರ್ತಾರ. ನೀವು ಪರಸ್ಥಳದವ್ರು, ನಿಮ್ಮ ಮಾತಿಗೆ ತೂಕ ಐತಿ. ಮೂರು ವರ್ಷ ಇದ್ದು ನೋಡೇನಿ, ಈ ಊರಾಗ ಬಾಳೇ ಮಾಡೂದು ಸುಖ ಅಂತ ನಾಕು ಮಂದಿ ಮುಂದ ಹೇಳಿಬಿಡ್ರಿ. ಸಹಿದು ನಾ ನೋಡ್ಕೋತೇನಿ."

ಸರೋಜಮ್ಮ ನೋಟೀಸು ಮಡಚಿದಳು. "ಸುಳ್ಳು ಹೇಳಕ್ಕೆ ನನಗೆ ಬರಲ್ಲ ಗೌಡ್ರೇ. ಹೋಗ್ತೀನಿ ಬಿಡಿ."

"ಹೋಗ್ರಿ. ಬ್ಯಾರೆದವ್ರು ಬರ್ತಾರ."

ಯಾರೂ ಬರುವುದಿಲ್ಲ ಎಂಬುದು ಆ ಚಾವಡಿಯ ಕಂಬಕ್ಕೂ ಗೊತ್ತಿತ್ತು. ನಾನು ಖಂಡನೆಯ ಕೊನೆಗೆ 'ಇತಿ ತಮ್ಮ ವಿಶ್ವಾಸಿ' ಎಂದು ಬರೆದು ಅದಕ್ಕೂ ಒಂದು ಕೋಡು ಎಳೆದೆ.

ಚಾವಡಿಯಿಂದ ಆಕೆ ನೇರ ನಮ್ಮ ಮನೆಗೆ ಬಂದಳು, ಅಕ್ಕನನ್ನು ನೋಡಲು. ಅಕ್ಕನ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ಅವ್ವನನ್ನು ಪಡಸಾಲೆಗೆ ಕರೆದು, "ಮಗು ಇನ್ನೂ ತಿರುಗಿಲ್ಲ. ತಲೆ ಮೇಲೇ ಇದೆ. ದಿನಾ ನೋಡ್ತಾ ಇರ್ಬೇಕು. ನಾನು ಮುಂದಿನ ವಾರ ಇರಲ್ಲ. ಈಗಲೇ ಹಾನಗಲ್ ದವಾಖಾನೆ ಹತ್ರ ಯಾರದಾದ್ರೂ ಮನೇಲಿ ಇರಿಸಿ" ಎಂದಳು.

ಅವ್ವನ ಮುಖದ ಬಣ್ಣ ಹೋಯಿತು. ಅಕ್ಕನಿಗಿಂತ ಮೊದಲು ಅವ್ವ ಎರಡು ಹಡೆದು ಎರಡನ್ನೂ ಅದೇ ಪಡಸಾಲೆಯಿಂದ ಮಣ್ಣಿಗೆ ಕಳುಹಿಸಿದ್ದಳು. ಆಗ ಊರಿಗೆ ನರ್ಸಬಾಯಿ ಇರಲಿಲ್ಲ. ಬೇಸಿಗೆಯಲ್ಲಿ ನಾನು ಬರೆದ 'ಇಲ್ಲ' ಆಗಿನ ಕಾಲದ ಸತ್ಯ. ಹಾನಗಲ್ಲಿನಲ್ಲಿ ನಮಗೆ ಯಾರೂ ಇರಲಿಲ್ಲ. ಹಳ್ಳ ತುಂಬಿ ಬಂದರೆ ಬಸ್ಸೂ ಇರುತ್ತಿರಲಿಲ್ಲ.

"ಯಾಕ ಹೊಂಟೀರಿ ನರ್ಸವ್ವ? ಯಾರು ಏನಂದ್ರು?"

ಆಕೆ ಫಾರ್ಮಿನ ನಕಲು ಬಿಚ್ಚಿ ನನ್ನ ಮುಂದೆ ಹಿಡಿದಳು. ದನಿ ಏರಿಸಲಿಲ್ಲ. "ಇಲ್ಲ ಅನ್ನೋದನ್ನೂ ಇಷ್ಟು ಸಿಂಗಾರ ಮಾಡಿ ಬರೆಯೋನು ಈ ಊರಲ್ಲಿ ನೀನೊಬ್ಬನೇ ಕಣಯ್ಯ. ನನ್ನ ಹಾಗೆ ನಡೀತೀಯ, ಮಾತಾಡ್ತೀಯ, ಅದೂ ಗೊತ್ತು. ಕಿಟಕಿಯಿಂದ ನೋಡಿದೀನಿ. ಚೆನ್ನಾಗೇ ಮಾಡ್ತೀಯ. ನನ್ನ ಕೆಲಸ ಒಂದು ಮಾಡಕ್ಕೆ ಬರುತ್ತಾ? ಬರೋ ಹಾಗಿದ್ರೆ ನಿಮ್ಮಕ್ಕನ್ನ ನೀನೇ ನೋಡ್ಕೋ."

ನನಗೆ ಬಾಯಿಗೆ ಬಂದದ್ದು ಒಂದು ಅಣಕ. ದೇವರಾಣೆ, ಆ ಗಳಿಗೆಯಲ್ಲೂ "ಕಣ್ರೀ" ಎಂದು ಹೇಳಿ ನಗಿಸಿಬಿಟ್ಟರೆ ಸರಿಹೋಗಬಹುದು ಎಂದೇ ಅನ್ನಿಸಿತು. ಅವ್ವ ನನ್ನ ಮುಖ ನೋಡಿ ಅದನ್ನೂ ತಿಳಿದುಕೊಂಡಳು. ಬಾರಿಸಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಸೋಮವಾರ ಚಾವಡಿ ತುಂಬಿತ್ತು. ಪೇಪರಿನವರು ಮಳೆಗೆ ಹೆದರಿ ಬಂದಿರಲಿಲ್ಲ, ಆದರೂ ಗೌಡರು ಭಾಷಣ ಬಿಡಲಿಲ್ಲ. ಸರೋಜಮ್ಮನ ಟ್ರಂಕು ಚಾವಡಿಯ ಪಕ್ಕದ ಬಸ್ ನಿಲ್ಲುವ ಜಾಗದಲ್ಲಿ ಪ್ಲಾಸ್ಟಿಕ್ಕು ಹೊದ್ದು ಕೂತಿತ್ತು, ಅದರ ಪಕ್ಕ ಆಕೆ ಛತ್ರಿ ಹಿಡಿದು ನಿಂತಿದ್ದಳು. ಅವ್ವ ನನ್ನ ರಟ್ಟೆ ಹಿಡಿದು ಚಾವಡಿಯ ಮೆಟ್ಟಿಲು ಹತ್ತಿದಳು. ಅಲ್ಲಿ ಹೆಂಗಸರು ಹತ್ತುತ್ತಿರಲಿಲ್ಲ. ಹತ್ತಬಾರದು ಎಂದು ಎಲ್ಲೂ ಬರೆದಿರಲಿಲ್ಲ, ಯಾರೂ ಹತ್ತಿರಲಿಲ್ಲ ಅಷ್ಟೇ. ಇಪ್ಪತ್ತು ಮಂದಿ ಒಮ್ಮೆಲೇ ಕೆಮ್ಮಿದರು.

"ಹೇಳು" ಎಂದಳು ಅವ್ವ.

ನಾನು ಬಾಯಿ ತೆಗೆದೆ. ಬಂದದ್ದು ಗೌಡರ ದನಿ. ಜನ ನಕ್ಕರು. ಗಂಟಲು ಸರಿಮಾಡಿಕೊಂಡೆ, ಕಣಜದ ರೇಡಿಯೋದವನ ದನಿ ಬಂತು. ಇನ್ನೂ ನಕ್ಕರು. ಅಷ್ಟು ವರ್ಷ ಎಲ್ಲರ ದನಿ ಆಡಿ ಆಡಿ ನನ್ನದು ಯಾವ ಮೂಲೆಯಲ್ಲಿದೆ ಎಂದು ನನಗೇ ಸಿಗಲಿಲ್ಲ. ಅವ್ವನ ಉಗುರು ರಟ್ಟೆಯೊಳಗೆ ಇಳಿದಾಗ ಒಂದು ಸಣ್ಣ, ಒಡಕು, ಯಾರದೂ ಅಲ್ಲದ ದನಿ ಹೊರಬಿತ್ತು. "ನರ್ಸಬಾಯಿ ಮೂರು ವರ್ಷ ಇಲ್ಲೇ ಅದಾರ್ರಿ. ಇಲ್ಲ ಅಂತ ಬರದಾಂವ ನಾನು. ಬರೀ ಅಂದವ್ರು ಗೌಡ್ರು." ಈ ಸಲ ಯಾರೂ ನಗಲಿಲ್ಲ. ಅಣಕ ಅಲ್ಲವಲ್ಲ.

ಗೌಡರು ಎದ್ದು ನಿಂತರು. ನನ್ನನ್ನು ಬಿಟ್ಟು ಅವ್ವನ ಮೇಲೆ ಬಿದ್ದರು. ಮಗನನ್ನು ಹೀಗೆ ಬೆಳೆಸಿದ್ದು, ಪರಸ್ಥಳದ ಹೆಂಗಸಿನ ಸಲುವಾಗಿ ಹುಟ್ಟೂರಿನ ಮಾನ ಕಳೆದದ್ದು, ಚಾವಡಿ ಹತ್ತಿದ್ದು, ಎಲ್ಲ ಎತ್ತಿದರು. ಅವ್ವ ಪೂರಾ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಆಡಿದಳು.

ಆ ಮಾತಿನಿಂದ ಏನೇನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗೌಡರು ಸಹಿ ಹಾಕಿದರು, ಅಲ್ಲೇ, ಎಲ್ಲರೆದುರು. ಟ್ರಂಕು ಕೋಣೆಗೆ ವಾಪಸು ಹೋಯಿತು. ಹೊತ್ತವನು ನಾನು. ಹದಿನೆಂಟು ದಿನಕ್ಕೆ ಅಕ್ಕ ಸರೋಜಮ್ಮನ ಕೈಯಲ್ಲೇ, ಕಾಲು ಮುಂದಾಗಿ ಬಂದ ಕೂಸನ್ನು ಹಡೆದಳು, ಎರಡೂ ಜೀವ ಉಳಿದವು. ಹಾಗೆಂದು ಊರು ಒಳ್ಳೆಯದಾಯಿತು ಎಂದು ತಿಳಿಯಬೇಡಿ. ಬಚ್ಚಲು ಕಟ್ಟಿಸಿಕೊಡುತ್ತೇವೆ ಎಂದವರು ಕಟ್ಟಿಸಲಿಲ್ಲ. ಬಾವಿಯ ಪೌಡರಿಗೆ ಬೈಯುವುದು ನಿಲ್ಲಲಿಲ್ಲ. ಮರುವರ್ಷ ಸರೋಜಮ್ಮ ತಾನೇ ಕೇಳಿ ವರ್ಗ ಮಾಡಿಸಿಕೊಂಡು ಹೋದಳು. ಬಸ್ಸು ಹತ್ತುವಾಗ ತಿರುಗಿ ನೋಡಲಿಲ್ಲ. ನೋಡಬೇಕಾದಂಥದ್ದು ನಾವೇನೂ ಇಟ್ಟಿರಲಿಲ್ಲ. ಆದರೆ ಇದೊಂದಂತೂ ನಿಂತಿತು. ನಮ್ಮೂರು ಬಾಳಲು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಆಮೇಲೆ ಚಾವಡಿಯಲ್ಲಿ ಯಾರೂ ತೆಗೆಯಲಿಲ್ಲ.

ಗೌಡರು ಕೊನೆಗೆ ಎದೆ ತಟ್ಟಿಕೊಂಡು ಕೇಳಿದ್ದು ಇಷ್ಟು: "ನಾ ಈ ಊರಾಗ ಹುಟ್ಟಿ ಐವತ್ತೆಂಟು ವರ್ಷ ಆತು. ಬಾಳೇ ಮಾಡಾಕ ಇದಕಿಂತ ಛಲೋ ಊರು ಎಲ್ಲೈತಿ, ನೀನರ ಹೇಳವಾ!"

ಅವ್ವ ಸೆರಗು ಸರಿಮಾಡಿಕೊಂಡಳು.

"ನೀವು ಈ ಊರಾಗ ಹುಟ್ಟೀರಿ ಗೌಡ್ರ, ಹಡದಿಲ್ಲ. ಊರು ಎಂಥಾದ್ದು ಅಂತ ಹಡದೋರನ್ನ ಕೇಳ್ರಿ."